ನಂತೂರಿನ ತಳ್ಳುಗಾಡಿಗೆ ಎರಡು ಕಾನೂನು

ಮಂಗಳೂರಿನ ಸುತ್ತಮುತ್ತಲಿನವರಲ್ಲಿ ಒಮ್ಮೆಯಾದರೂ ನಂತೂರಿನಲ್ಲಿ ಬಸ್ಸಿಗೆ ಕಾಯದವರು ಕಡಿಮೆ. ಸುರತ್ಕಲ್ ಕಡೆಯಿಂದ ಬಂದು ಮೂಡುಬಿದಿರೆಗೆ ಹೋಗುವವರು, ಕೈಕಂಬ-ಗುರುಪುರದಿಂದ ಬಂದು ತೊಕ್ಕೊಟ್ಟು, ದೇರಳಕಟ್ಟೆ ಆಸ್ಪತ್ರೆಗೆ ಹೋಗುವವರು, ಪದುವಾ ಕಾಲೇಜು, ಶ್ರೀ ಭಾರತೀ ಕಾಲೇಜಿನ ಮಕ್ಕಳು, ಮಲ್ಲಿಕಟ್ಟೆ ಮಾರ್ಕೆಟಿಗೆ ಹೋಗುವ ಹೆಂಗಸರು, ಎಲ್ಲರೂ ಇಳಿಯುವುದು ಹತ್ತುವುದು ಇಲ್ಲೇ. ರಾಷ್ಟ್ರೀಯ ಹೆದ್ದಾರಿ 66 ಮತ್ತು 169 ಇಲ್ಲಿ ಕೂಡುತ್ತವೆ. ಹಳಬರ ಬಾಯಲ್ಲಿ ಇವು ಇವತ್ತಿಗೂ ಹದಿನೇಳು ಮತ್ತು ಹದಿಮೂರು.

ಕಾಯುವವರು ಇರುವಲ್ಲಿ ಮಾರುವವರೂ ಇರುತ್ತಾರೆ. ಬೊಂಡದ ಗಾಡಿ, ಬಾಳೆಹಣ್ಣು, ಸೀಸನ್ ಬಂದರೆ ಮಾವು, ಕಲ್ಲಂಗಡಿ, ಸಂಜೆ ಹೊತ್ತಿಗೆ ಚರುಮುರಿ. ಓಮ್ನಿಯ ಹಿಂದಿನ ಬಾಗಿಲು ಮೇಲೆತ್ತಿ ಬಟ್ಟೆಯೋ ಪ್ಲಾಸ್ಟಿಕ್ ಸಾಮಾನೋ ಹರಡಿಕೊಂಡವರು. ಇವರಲ್ಲಿ ಘಟ್ಟದ ಮೇಲಿನವರಿದ್ದಾರೆ, ಹೊರರಾಜ್ಯದವರಿದ್ದಾರೆ, ನಮ್ಮ ಬ್ಯಾರಿಗಳೂ ಇದ್ದಾರೆ. ಬ್ಯಾರ ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಅನ್ನುವ ಹೆಸರು ಬಂತು ಅಂತ ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ವ್ಯಾಪಾರದ ತೀರಾ ಕೆಳಗಿನ ಮೆಟ್ಟಿಲಲ್ಲಿ ನಿಂತವನು ಈ ಗಾಡಿಯವನು. ಅಂಗಡಿಗೆ ಅಡ್ವಾನ್ಸ್ ಕೊಡಲು ಇಲ್ಲದವನು, ಗಲ್ಫಿನಿಂದ ಕೆಲಸ ಬಿಟ್ಟು ಬಂದವನು, ಕಾಯಿಲೆಯಿಂದ ಕೂಲಿಗೆ ಹೋಗಲಾಗದವನು, ಇಂಥವರಿಗೆ ಉಳಿದಿರುವುದು ರಸ್ತೆಯ ಬದಿ ಒಂದೇ.

ಈಗ ಆ ಬದಿಯೇ ಬದಲಾಗುತ್ತಿದೆ. ಕೆಪಿಟಿಯಲ್ಲೂ ನಂತೂರಿನಲ್ಲೂ ಹೆದ್ದಾರಿ ಪ್ರಾಧಿಕಾರ ಮೇಲ್ಸೇತುವೆಯ ಕೆಲಸ ಕೈಗೆತ್ತಿಕೊಂಡಿದೆ. ಬೇಡ ಅನ್ನುವವರು ಯಾರೂ ಇಲ್ಲ. ಬಂದರಿನಿಂದ, ಎಂಆರ್‌ಪಿಎಲ್‌ನಿಂದ ಬರುವ ಟ್ಯಾಂಕರು, ಲಾರಿ, ನಾಲ್ಕು ಕಡೆಯ ಸಿಟಿ ಬಸ್ಸು, ಸರ್ವಿಸ್ ಬಸ್ಸು ಎಲ್ಲವೂ ಒಂದೇ ವೃತ್ತದಲ್ಲಿ ತಿರುಗುವ ಈ ಜಾಗದಲ್ಲಿ ಎಷ್ಟು ಸ್ಕೂಟರಿನವರ ಜೀವ ಹೋಗಿದೆ ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸೇತುವೆ ಬರಲಿ. ಆದರೆ ಸೇತುವೆ ಮುಗಿದ ದಿನ ಅದರ ಬುಡದಲ್ಲಿ ಯಾರಿಗೆ ಜಾಗ, ಯಾರಿಗೆ ಇಲ್ಲ ಎಂಬುದನ್ನು ಕಾಂಕ್ರೀಟು ತೀರ್ಮಾನಿಸಿ ಆಗಿರುತ್ತದೆ. ಆಮೇಲೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಪ್ರಯೋಜನ ಇಲ್ಲ. ಮಾತಾಡಬೇಕಾದದ್ದು ಈಗ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಗಾಡಿಯವರಲ್ಲಿ ಹೆಚ್ಚಿನವರು "ನಾವು ನಿಂತದ್ದು ತಪ್ಪು, ಓಡಿಸುವ ತನಕ ನಿಲ್ಲುವುದು" ಎಂಬ ಮನಸ್ಸಿನಲ್ಲೇ ಇರುತ್ತಾರೆ. ಅದು ಸರಿಯಲ್ಲ. ರಸ್ತೆಬದಿ ವ್ಯಾಪಾರವೂ ಸಂವಿಧಾನದ 19ನೇ ವಿಧಿ ಕೊಡುವ ವ್ಯಾಪಾರದ ಹಕ್ಕಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1989ರಲ್ಲೇ, ದಿಲ್ಲಿಯ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿ ಆಗಿದೆ. ಇಂಥದ್ದೇ ಜಾಗ ನನಗೆ ಬೇಕು ಅನ್ನುವ ಹಕ್ಕು ಯಾರಿಗೂ ಇಲ್ಲ, ರಸ್ತೆ ಇರುವುದು ಮೊದಲಾಗಿ ಓಡಾಟಕ್ಕೆ ಅಂತಲೂ ಅದೇ ತೀರ್ಪು ಹೇಳಿದೆ. ಎರಡನ್ನೂ ಜೊತೆಗೇ ನೆನಪಿಡಬೇಕು.

ಆಮೇಲೆ 2014ರ ಮೇ 1ರಿಂದ ಜಾರಿಗೆ ಬಂದದ್ದು ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಇದರ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಜಾಗ ಬದಲಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಬರೆದು ಸಹಿ ಹಾಕಿ ಕೈಯಲ್ಲಿ ಕೊಡಬೇಕು. ಹಣ್ಣು, ಮೀನಿನಂಥ ಕೊಳೆಯುವ ವಸ್ತುವಾದರೆ ಅದೇ ದಿನ, ಇತರ ಸಾಮಾನಾದರೆ ಎರಡು ಕೆಲಸದ ದಿನಗಳೊಳಗೆ, ಶುಲ್ಕ ಕಟ್ಟಿದ ಮೇಲೆ ವಾಪಸ್ ಕೊಡಬೇಕು. ಪಾಲಿಕೆ ಆಯುಕ್ತರ ಅಧ್ಯಕ್ಷತೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರೂ ಚುನಾವಣೆಯಿಂದ ಆರಿಸಿ ಬಂದವರು. ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರಿಗೂ ತಕ್ಕ ಪ್ರಾತಿನಿಧ್ಯ ಇರಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ.

ಇಷ್ಟೆಲ್ಲ ಇದ್ದೂ 2024ರ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮಂಗಳೂರಿನಲ್ಲಿ ಏನಾಯಿತು ಅಂತ ಗೊತ್ತಲ್ಲ. ಪಾಲಿಕೆಯ "ಟೈಗರ್ ಕಾರ್ಯಾಚರಣೆ". ಜೆಸಿಬಿ ತಂದು ಗಾಡಿ, ಗೂಡಂಗಡಿ ಎತ್ತಿದರು. ಬೀದಿಬದಿ ವ್ಯಾಪಾರಿಗಳ ಸಂಘದವರು ಬೀದಿಗೆ ಇಳಿದು ಪ್ರತಿಭಟಿಸಿದರು. ಫುಟ್‌ಪಾತ್ ಖಾಲಿ ಆಯಿತು ಅಂತ ಖುಷಿಪಟ್ಟವರೂ ಇದ್ದರು, ಅವರಲ್ಲಿ ನಮ್ಮ ಸಮುದಾಯದವರೂ ಇದ್ದರು ಅಂತ ಹೇಳಲೇಬೇಕು. ಬಳಿಕ ಸ್ಟೇಟ್‌ಬ್ಯಾಂಕ್ ಬಳಿ ವ್ಯಾಪಾರ ವಲಯ ಅಂತ ಒಂದು ಜಾಗ ಆಯಿತು. ಆಗಿದ್ದು ಒಳ್ಳೆಯದೇ. ಆದರೆ ನಂತೂರಿನಲ್ಲಿ ಬೊಂಡ ಮಾರುವವನಿಗೆ ನಾಲ್ಕೈದು ಕಿಲೋಮೀಟರ್ ಆಚೆ ಸ್ಟೇಟ್‌ಬ್ಯಾಂಕಿನಲ್ಲಿ ಜಾಗ ಕೊಟ್ಟರೆ ಏನು ಪ್ರಯೋಜನ? ಅವನ ಗಿರಾಕಿ ಮೂಡುಬಿದಿರೆ ಬಸ್ಸಿಗೆ ಕಾಯುವವನು. ಬಸ್ಸು ಬಿಟ್ಟು ಬೊಂಡ ಕುಡಿಯಲು ಸ್ಟೇಟ್‌ಬ್ಯಾಂಕಿಗೆ ಯಾರು ಹೋಗ್ತಾರೆ! ಮಾರುವವರೂ ಕೊಳ್ಳುವವರೂ ರೂಢಿಯಿಂದ ಸೇರುವ ಜಾಗಕ್ಕೆ ಕಾಯ್ದೆಯೇ ಸಹಜ ಮಾರುಕಟ್ಟೆ ಅಂತ ಹೆಸರಿಟ್ಟಿದೆ. ಸಮೀಕ್ಷೆಯಲ್ಲಿ ಹಾಗೆ ಗುರುತಾದ ಜಾಗವನ್ನು ವ್ಯಾಪಾರ ನಿಷೇಧ ವಲಯ ಅಂತ ಘೋಷಿಸುವಂತಿಲ್ಲ. ಗುರುತಾದರೆ ಮಾತ್ರ ಅನ್ನುವುದನ್ನು ಮರೆಯಬಾರದು.

ನಂತೂರಿನ ಕಥೆ ನಗರದ ಉಳಿದ ಕಡೆಗಿಂತ ಬೇರೆಯಾಗುವುದು ಇನ್ನೊಂದು ಕಾರಣಕ್ಕೆ. ಈ ಲೇಖನ ಬರೆಯಲು ಕಾರಣವೂ ಅದೇ.

ಪಾಲಿಕೆಯ ರಸ್ತೆಗೆ 2014ರ ಕಾಯ್ದೆ ಇದೆ. ಹೆದ್ದಾರಿಯ ಭೂಮಿಗೆ ಇನ್ನೊಂದು ಕಾಯ್ದೆ ಇದೆ, 2002ರ ರಾಷ್ಟ್ರೀಯ ಹೆದ್ದಾರಿಗಳ (ಭೂಮಿ ಮತ್ತು ಸಂಚಾರ) ನಿಯಂತ್ರಣ ಕಾಯ್ದೆ. ಅದರ 26ನೇ ಕಲಂ ಪ್ರಕಾರ ಹೆದ್ದಾರಿ ಜಾಗ ಒತ್ತುವರಿ ಮಾಡಿ ಕಟ್ಟಡ ಕಟ್ಟಿದವನಿಗೆ ಸಾಮಾನ್ಯವಾಗಿ ನೋಟಿಸು ಕೊಡಬೇಕು, ಅವನ ಉತ್ತರ ಕೇಳಬೇಕು. ಆದರೆ ಬಯಲಿನಲ್ಲಿ ಸಾಮಾನು ಹರಡಿ ಮಾರುವವನನ್ನು, ತಾತ್ಕಾಲಿಕ ಗೂಡಂಗಡಿ ಇಟ್ಟವನನ್ನು ನೋಟಿಸು ಇಲ್ಲದೆಯೂ ತೆರವು ಮಾಡಬಹುದು. ನೋಡಿ, ಕಲ್ಲು-ಸಿಮೆಂಟಿನಲ್ಲಿ ಗಟ್ಟಿಯಾಗಿ ಅತಿಕ್ರಮಿಸಿದವನಿಗೆ ನೋಟಿಸಿನ ಮರ್ಯಾದೆ ಇದೆ, ಸಂಜೆಯಾದರೆ ತಾನಾಗಿಯೇ ಗಾಡಿ ತಳ್ಳಿಕೊಂಡು ಹೋಗುವವನಿಗೆ ಅದೂ ಇಲ್ಲ.

ಅಂದರೆ ನಂತೂರಿನಲ್ಲಿ ಮಲ್ಲಿಕಟ್ಟೆ ಕಡೆಯ ರಸ್ತೆಯಲ್ಲಿ ಗಾಡಿ ನಿಂತಿದ್ದರೆ ಒಂದು ಕಾನೂನು, ಅದೇ ಗಾಡಿಯನ್ನು ನೆರಳಿಗೋಸ್ಕರ ಹತ್ತು ಹೆಜ್ಜೆ ಮುಂದೆ ತಳ್ಳಿದರೆ ಇನ್ನೊಂದು ಕಾನೂನು. ಒಂದರಲ್ಲಿ 30 ದಿನ, ಇನ್ನೊಂದರಲ್ಲಿ ಒಂದು ಗಳಿಗೆಯೂ ಇಲ್ಲ. ಗೆರೆ ಎಲ್ಲಿದೆ ಅಂತ ನೆಲದ ಮೇಲೆ ಯಾರೂ ಎಳೆದಿಲ್ಲ. ಗಾಡಿಯವನನ್ನು ಬಿಡಿ, ಎಬ್ಬಿಸಲು ಬಂದವರನ್ನು ಕೇಳಿದರೂ ತಟ್ಟನೆ ಹೇಳಲಿಕ್ಕಿಲ್ಲ. ಪಾಲಿಕೆಗೆ ಹೋದರೆ ಅದು ಹೆದ್ದಾರಿಯವರದ್ದು ಅನ್ನುತ್ತಾರೆ, ಹೆದ್ದಾರಿಯವರಲ್ಲಿಗೆ ಹೋದರೆ ವ್ಯಾಪಾರಕ್ಕೆ ಜಾಗ ಕೊಡುವುದು ಪಾಲಿಕೆಯ ಕೆಲಸ ಅನ್ನುತ್ತಾರೆ. ಇಂಥ ಕಚೇರಿ ತಿರುಗಾಟ ರೇಷನ್ ಕಾರ್ಡಿಗೆ ಹೋದವರಿಗೂ ಗೊತ್ತಿದೆ.

ಎರಡು ಕಾಯ್ದೆಗಳಲ್ಲಿ ಯಾವುದು ದೊಡ್ಡದು? 2014ರ ಕಾಯ್ದೆಯ 33ನೇ ಕಲಂ, ಬೇರೆ ಕಾನೂನುಗಳಲ್ಲಿ ಏನೇ ವಿರುದ್ಧವಾದ ಮಾತು ಇದ್ದರೂ ಈ ಕಾಯ್ದೆಯೇ ಮೇಲು ಅನ್ನುತ್ತದೆ. ರೈಲ್ವೆಯ ಜಾಗವನ್ನು ಈ ಕಾಯ್ದೆ ಹೆಸರು ಹಿಡಿದೇ ಹೊರಗಿಟ್ಟಿದೆ. ಹೆದ್ದಾರಿಯ ಬಗ್ಗೆ ಹಾಗೆ ಹೇಳಿಲ್ಲ. ಹೊರಗಿಡಬೇಕೆಂದಿದ್ದರೆ ರೈಲ್ವೆಯ ಜೊತೆಗೇ ಬರೆಯುತ್ತಿದ್ದರು ಅನ್ನುವುದು ನಮ್ಮ ವಾದ. ವಕೀಲರು ಇದನ್ನು ಹೇಗೆ ಮಂಡಿಸುತ್ತಾರೋ ಅವರಿಗೆ ಬಿಟ್ಟದ್ದು. ಹಾಗಂತ ಹೆದ್ದಾರಿಯ ಓಟದ ದಾರಿಯಲ್ಲೇ ಗಾಡಿ ನಿಲ್ಲಿಸುತ್ತೇವೆ ಅಂದರೆ ಯಾವ ಕೋರ್ಟೂ ಒಪ್ಪದು, ಒಪ್ಪಲೂಬಾರದು. ನಮಗೆ ಬೇಕಾದದ್ದು ಸರ್ವಿಸ್ ರಸ್ತೆಯ ಅಂಚಿನ ಮಾತು. 2002ರ ಆ ಕಟ್ಟುನಿಟ್ಟಿನ ಕಾಯ್ದೆಯಲ್ಲೂ ಹೆದ್ದಾರಿಯ ಭೂಮಿಯನ್ನು ತಾತ್ಕಾಲಿಕ ಉಪಯೋಗಕ್ಕೆ ಲೀಸಿಗೋ ಪರವಾನಿಗೆ ಮೇಲೋ ಕೊಡುವ ಅವಕಾಶ ಇದೆ. ಅಂದರೆ ದಾರಿ ಮುಚ್ಚಿಲ್ಲ, ಕೇಳಿದವರಿಲ್ಲ ಅಷ್ಟೇ.

ಇನ್ನು ರಸ್ತೆಯ ಬದಿಯನ್ನು ನಿಜವಾಗಿ ತುಂಬಿಕೊಂಡವರು ಯಾರು ಅಂತಲೂ ಸ್ವಲ್ಪ ಕಣ್ಣುಬಿಟ್ಟು ನೋಡಬೇಕು. ನಂತೂರು, ಕದ್ರಿ, ಬಿಕರ್ನಕಟ್ಟೆ ಸುತ್ತ ಹೆಂಚಿನ ಮನೆಗಳು ಹೋಗಿ ಫ್ಲ್ಯಾಟುಗಳು ಎದ್ದಿವೆ. ಒಂದು ಮನೆ ಇದ್ದಲ್ಲಿ ಇಪ್ಪತ್ತು ಮನೆ, ಅವುಗಳ ಕಾರು, ನೆಂಟರ ಕಾರು. ಒಂದು ಕಾರು ನಿಲ್ಲಲು ಸುಮಾರು 14 ಅಡಿ ಉದ್ದ 6 ಅಡಿ ಅಗಲ ಬೇಕು, ತಳ್ಳುಗಾಡಿಗೆ 6 ಅಡಿ 4 ಅಡಿ ಸಾಕು. ಒಂದು ಕಾರಿನ ಜಾಗದಲ್ಲಿ ಮೂರು ಗಾಡಿ, ಮೂರು ಸಂಸಾರ. ಆದರೆ ಇಡೀ ದಿನ ರಸ್ತೆಯಲ್ಲಿ ನಿಂತ ಕಾರನ್ನು ಯಾರೂ ಒತ್ತುವರಿ ಅನ್ನುವುದಿಲ್ಲ. ಹಾಲ್‌ಗಳಲ್ಲಿ ನಿಕಾಹ್ ಇದ್ದ ದಿನ ರಸ್ತೆಯ ಎರಡೂ ಬದಿ ಅರ್ಧ ಫರ್ಲಾಂಗು ಕಾರು ನಿಲ್ಲಿಸುವವರು ನಾವೇ. ಆ ದಿನ ಹಣ್ಣಿನ ಗಾಡಿಯವನು ಅಡ್ಡ ಅನಿಸುತ್ತದೆ ನಮಗೆ!

ಹೊಸಬರೂ ಬಂದಿದ್ದಾರೆ. ಮಧ್ಯಾಹ್ನ ಮರದ ಬುಡದಲ್ಲಿ, ಹೋಟೆಲುಗಳ ಎದುರು ಬೈಕು ನಿಲ್ಲಿಸಿ ಮೊಬೈಲ್ ನೋಡುತ್ತಾ ಕೂತ ಸ್ವಿಗ್ಗಿ, ಝೊಮ್ಯಾಟೊ ಹುಡುಗರು. ಅವರಲ್ಲಿ ನಮ್ಮ ಮದ್ರಸದಲ್ಲಿ ಕಲಿತು ಹೋದವರನ್ನೂ ಕಂಡಿದ್ದೇವೆ. ಕೂರಲು ಅವರಿಗೆ ಬೇರೆ ಎಲ್ಲಿದೆ ಜಾಗ? ದೊಡ್ಡ ಕಂಪೆನಿಗಳು ತಮ್ಮ ಕೆಲಸಗಾರರನ್ನು ಕೂರಿಸುವ ಖರ್ಚನ್ನು ಉಳಿಸಿರುವುದು ಇದೇ ರಸ್ತೆಯ ಬದಿಯಲ್ಲಿ. ಅವರ ಲಾಭದಲ್ಲಿ ಪಾಲಿಕೆಯ ಫುಟ್‌ಪಾತಿನ ಪಾಲೂ ಇದೆ. ಅದಕ್ಕೆ ಯಾವ ಟೈಗರೂ ಬರಲಿಲ್ಲ.

ನಡೆಯುವವರ ದೂರು ಸುಳ್ಳಲ್ಲ. ಮಗುವಿನ ಕೈಹಿಡಿದ ಉಮ್ಮ ಗಾಡಿಯನ್ನು ಸುತ್ತುಹಾಕಿ ರಸ್ತೆಗಿಳಿಯಬೇಕಾದರೆ, ಆ ರಸ್ತೆಯಲ್ಲಿ ಬುಲೆಟ್ ಟ್ಯಾಂಕರ್ ಬರುತ್ತಿದ್ದರೆ, ಅಲ್ಲಿ ವ್ಯಾಪಾರದ ಹಕ್ಕಿನ ಮಾತು ನಿಲ್ಲುವುದಿಲ್ಲ. ದಾರಿಯಲ್ಲಿನ ಅಡ್ಡಿಯನ್ನು ತೆಗೆಯುವುದು ಈಮಾನಿನ ಭಾಗ ಅಂತ ಮದ್ರಸದ ಒಂದನೇ ತರಗತಿಯ ಮಕ್ಕಳಿಗೂ ನಾವು ಕಲಿಸುತ್ತೇವೆ. ರಸ್ತೆಬದಿ ಕೂತವರು ರಸ್ತೆಯ ಹಕ್ಕು ಸಲ್ಲಿಸಬೇಕು ಅನ್ನುವುದು ಪ್ರವಾದಿಯವರ (ಸ.ಅ.) ಕಲಿಕೆ. ಕೂರಲೇಬಾರದು ಅಂತಲ್ಲ, ಕೂತರೆ ಹೀಗೆ ಅಂತ. ಜಂಕ್ಷನ್ನಿನ ತಿರುವುಗಳಲ್ಲಿ, ಎದುರಿನ ವಾಹನ ಕಾಣದಂತೆ ಮರೆಮಾಡುವ ಕಡೆ, ಬಸ್ಸು ನಿಲ್ಲುವ ಜಾಗದಲ್ಲಿ ಗಾಡಿ ಇರಲೇಬಾರದು. ಇದನ್ನು ಹೇಳಲು ಸಂಘದವರು ಹಿಂಜರಿಯಬಾರದು. ಶುಕ್ರವಾರ ಜುಮಾದ ಹೊತ್ತಿಗೆ ಮಸೀದಿಯ ಎದುರು ಅಡ್ಡಾದಿಡ್ಡಿ ನಿಲ್ಲುವ ಬೈಕುಗಳಿಗೂ ಇದೇ ಮಾತು. ಜಮಾಅತಿನ ನಾಲ್ಕು ಯುವಕರು ಅರ್ಧ ಗಂಟೆ ನಿಂತರೆ ಮುಗಿಯುವ ಕೆಲಸ ಅದು.

ರಸ್ತೆ ಎಂಬುದು ಈಗ ಊರಿನಲ್ಲಿ ಎಷ್ಟು ಬೇಗ ಬೇರೆ ಜಗಳವಾಗಿ ಬದಲಾಗುತ್ತದೆ ಅನ್ನುವುದೂ ನಮಗೆ ಗೊತ್ತಿರಬೇಕು. 2024ರ ಮೇ ತಿಂಗಳಲ್ಲಿ ಕಂಕನಾಡಿಯಲ್ಲಿ ಮಸೀದಿಯ ಹೊರಗೆ ರಸ್ತೆಯಲ್ಲಿ ಕೆಲವರು ನಮಾಝ್ ಮಾಡಿದ್ದಕ್ಕೆ ಪೊಲೀಸರು ಸ್ವಯಂಪ್ರೇರಿತರಾಗಿ ಪ್ರಕರಣ ದಾಖಲಿಸಿ, ಆಮೇಲೆ ಅದನ್ನು ಕೈಬಿಟ್ಟರು. ನಡುವೆ ಎಷ್ಟು ದಿನ ಊರು ಉಸಿರು ಬಿಗಿಹಿಡಿದಿತ್ತು! ವ್ಯಾಪಾರದಲ್ಲೂ ಹಾಗೇ. 2022ರಲ್ಲಿ ಮುಲ್ಕಿ ಬಪ್ಪನಾಡಿನ ಜಾತ್ರೆಯಿಂದ, 2023ರ ನವರಾತ್ರಿಗೆ ಮಂಗಳಾದೇವಿಯವರೆಗೆ, ಯಾರ ಗಾಡಿ ಅನ್ನುವ ಪ್ರಶ್ನೆ ಏನು ಮಾರುತ್ತಾನೆ ಅನ್ನುವುದಕ್ಕಿಂತ ದೊಡ್ಡದಾಯಿತು. ಈ ಕಾರಣಕ್ಕಾಗಿಯೂ ಗಾಡಿಯವನ ಕೈಯಲ್ಲಿ ಒಂದು ಕಾಗದ ಇರುವುದು ಒಳ್ಳೆಯದು. 2014ರ ಕಾಯ್ದೆಯ ಪ್ರಮಾಣಪತ್ರಕ್ಕೆ ಧರ್ಮ ನೋಡುವುದಿಲ್ಲ. 14 ವರ್ಷ ತುಂಬಿರಬೇಕು, ತಾನೋ ಮನೆಯವರೋ ವ್ಯಾಪಾರ ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಅಷ್ಟೇ ಅದು ಕೇಳುವುದು.

ಆ "ಅಷ್ಟೇ" ಎಂಬುದರಲ್ಲೂ ನಮ್ಮವರಿಗೆ ಎಡವುವ ಜಾಗ ಇದೆ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ವ್ಯಾಪಾರಿ ತೀರಿಕೊಂಡರೆ ಅಥವಾ ಶಾಶ್ವತವಾಗಿ ಕೆಲಸಕ್ಕೆ ಆಗದಂತಾದರೆ ಹೆಂಡತಿಗೋ ಗಂಡನಿಗೋ, ಅವಲಂಬಿತ ಮಕ್ಕಳಿಗೋ ಹೋಗುತ್ತದೆ. ನಾಲ್ಕು ಗಾಡಿ ಇಟ್ಟು ನಾಲ್ಕು ಹುಡುಗರನ್ನು ದಿನಕ್ಕಿಷ್ಟು ಅಂತ ನಿಲ್ಲಿಸಿ, ತಾನು ಮನೆಯಲ್ಲಿ ಕೂತು ಲೆಕ್ಕ ತೆಗೆದುಕೊಳ್ಳುವ ಯಜಮಾನರಿಗೆ ಈ ಕಾಯ್ದೆ ಇಲ್ಲ. ಅಂಥವರು ಸಮೀಕ್ಷೆಯ ಹೊತ್ತಿಗೆ ಮುಂದೆ ನಿಂತು, ಬಿಸಿಲಲ್ಲಿ ನಿಂತ ಹುಡುಗನ ಹೆಸರು ಪಟ್ಟಿಗೆ ಬಾರದಂತೆ ಮಾಡಿದರೆ ಅದು ಪಾಲಿಕೆ ಮಾಡುವ ಅನ್ಯಾಯಕ್ಕಿಂತ ಕಡಿಮೆ ಏನಲ್ಲ.

ಇನ್ನೊಂದು ವಿಷಯ ಸಾಲದ್ದು. ಕೊರೋನಾ ಸಮಯದಲ್ಲಿ, 2020ರ ಜೂನಿನಲ್ಲಿ ಕೇಂದ್ರ ಸರಕಾರ ಪಿಎಂ ಸ್ವನಿಧಿ ಅಂತ ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದ ಸಾಲ ತಂದಿತು. ಮೊದಲ ಕಂತು 10,000 ರೂಪಾಯಿ ಇದ್ದದ್ದು ಈಗ 15,000 ಆಗಿದೆ, ಯೋಜನೆ 2030ರ ಮಾರ್ಚ್‌ವರೆಗೆ ಮುಂದುವರಿದಿದೆ. ಬಡ್ಡಿಯ ವಿಷಯ ಅಂತ ನಮ್ಮವರಲ್ಲಿ ಕೆಲವರು ದೂರ ನಿಲ್ಲುತ್ತಾರೆ. ಸಾಲ ಬೇಡವೆಂದರೆ ಬೇಡ, ಅದು ಅವರ ದೀನಿನ ವಿಷಯ, ಅದಕ್ಕೆ ನಮ್ಮ ಗೌರವ ಇದೆ. ಆದರೆ "ಉಸ್ತಾದರೇ, ಅದು ಬಡ್ಡಿಯ ಕಾರ್ಡಲ್ವಾ?" ಅಂತ ಸಮೀಕ್ಷೆಯನ್ನೂ ಗುರುತಿನ ಚೀಟಿಯನ್ನೂ ಬಿಟ್ಟುಬಿಡುವುದು ಸರಿಯಲ್ಲ. ಸಾಲ ಬೇರೆ, ಸಮೀಕ್ಷೆ ಬೇರೆ. ಸಮೀಕ್ಷೆಯಲ್ಲಿ ಹೆಸರು ಬರೆಸಿಕೊಳ್ಳಲು ಸಾಲ ತೆಗೆಯಲೇಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಇದನ್ನು ಜುಮಾದ ನಂತರ ಎರಡು ನಿಮಿಷ ಹೇಳಿದರೂ ಸಾಕು, ಬಹಳ ಮಂದಿಯ ಗೊಂದಲ ಹೋಗುತ್ತದೆ.

ಈಗ ಸೇತುವೆಯ ವಿಷಯಕ್ಕೆ ಬರೋಣ. ನಮ್ಮ ಹತ್ತಿರ ಒಂದು ಪಾಠ ಇದೆ, ನಂತೂರಿನಿಂದ ಸ್ವಲ್ಪವೇ ದೂರದ ಪಂಪ್‌ವೆಲ್. ವರ್ಷಗಟ್ಟಲೆ ಎಳೆದಾಡಿ 2020ರ ಜನವರಿ 31ಕ್ಕೆ ಆ ಮೇಲ್ಸೇತುವೆ ತೆರೆಯಿತು. ಆ ವರ್ಷಗಳಲ್ಲಿ ಊರಿನ ಮಾತೆಲ್ಲ ಸೇತುವೆ ಯಾವಾಗ ಮುಗಿಯುತ್ತದೆ ಅನ್ನುವುದರ ಬಗ್ಗೆ, ಅದರ ಮೇಲೆ ಎಷ್ಟು ಜೋಕು ಹುಟ್ಟಿದವು! ಕೆಳಗೆ ಬಸ್ಸಿಗೆ ಕಾಯುವವನು ಎಲ್ಲಿ ನಿಲ್ಲುತ್ತಾನೆ, ರಸ್ತೆ ದಾಟುವವನು ಎಲ್ಲಿ ದಾಟುತ್ತಾನೆ, ಗಾಡಿಯವನು ಎಲ್ಲಿರುತ್ತಾನೆ ಅನ್ನುವುದು ಮಾತಿನಲ್ಲಿ ಬರಲೇ ಇಲ್ಲ. ಮೇಲೆ ವಾಹನಗಳಿಗೆ ದಾರಿಯಾಯಿತು, ಜೋರು ಮಳೆ ಬಂದರೆ ಕೆಳಗೆ ನೀರು ನಿಲ್ಲುವ ಸುದ್ದಿಯನ್ನು ಪ್ರತಿ ಮಳೆಗಾಲ ಓದುತ್ತೇವೆ.

ನಂತೂರಿನಲ್ಲಿ ಮೂರು ವಿಷಯ ನಕ್ಷೆಯಲ್ಲೇ ಇರಬೇಕು ಅನ್ನುವುದು ನಮ್ಮ ಅಭಿಪ್ರಾಯ. ನಾಲ್ಕೂ ದಿಕ್ಕಿಗೆ ಬಸ್ಸು ನಿಲ್ಲುವ ಜಾಗ, ಮಳೆ ನೆನೆಯದಂತೆ ತಂಗುದಾಣದ ಜೊತೆ. ನಡೆದು ದಾಟುವವರ ದಾರಿ. ಮತ್ತು ಬಸ್ಸು ನಿಲ್ಲುವ ಜಾಗಕ್ಕೆ ಅಂಟಿದಂತೆ, ನಡಿಗೆಯ ದಾರಿಯನ್ನು ಬಿಟ್ಟು, ಗೆರೆ ಎಳೆದು ನಂಬರ್ ಹಾಕಿದ ಗಾಡಿಗಳ ಸಾಲು. ಇಷ್ಟಕ್ಕೆ ಹೆದ್ದಾರಿ ಪ್ರಾಧಿಕಾರ, ಪಾಲಿಕೆ, ಟ್ರಾಫಿಕ್ ಪೊಲೀಸರು, ವ್ಯಾಪಾರ ಸಮಿತಿ ಒಂದು ಮೇಜಿಗೆ ಬರಬೇಕು. ಕರೆಯುವವರು ಯಾರು ಅನ್ನುವುದೇ ತೊಡಕು. 60 ವಾರ್ಡುಗಳ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2025ರ ಫೆಬ್ರವರಿ ಕೊನೆಗೆ ಮುಗಿಯಿತು, ಬಳಿಕ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಕಾರ್ಪೊರೇಟರ್ ಮನೆ ಬಾಗಿಲು ತಟ್ಟುವ ಹಳೆಯ ಉಪಾಯ ನಡೆಯದ ಹೊತ್ತಿನಲ್ಲೇ ಇಷ್ಟು ದೊಡ್ಡ ಕೆಲಸ ಬಂದಿದೆ. ಹಾಗಾಗಿ ಬರವಣಿಗೆಯಲ್ಲೇ ಕೇಳಬೇಕು.

ಮೊದಲ ಅರ್ಜಿ ಮಾಹಿತಿ ಹಕ್ಕಿನದ್ದು, ಹೆದ್ದಾರಿ ಪ್ರಾಧಿಕಾರಕ್ಕೆ: ನಂತೂರಿನ ಸೇತುವೆ ಮತ್ತು ಸರ್ವಿಸ್ ರಸ್ತೆಯ ಅಂತಿಮ ನಕ್ಷೆಯ ಪ್ರತಿ, ಜಂಕ್ಷನ್ನಿನಲ್ಲಿ ಹೆದ್ದಾರಿ ಭೂಮಿಯ ಗಡಿ ಎಲ್ಲಿಯವರೆಗೆ ಎಂಬ ವಿವರ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಎರಡನೆಯದು ಪಾಲಿಕೆಗೆ: ನಂತೂರಿನ ವ್ಯಾಪಾರಿಗಳು ಯಾವ ವರ್ಷದ ಸಮೀಕ್ಷೆಯಲ್ಲಿದ್ದಾರೆ, ಈ ಜಾಗವನ್ನು ವ್ಯಾಪಾರ ವಲಯ ಎಂದೋ ನಿಷೇಧ ವಲಯ ಎಂದೋ ಗುರುತಿಸಲಾಗಿದೆಯೇ ಎಂದು. ಮದ್ರಸದ ಹಳೆಯ ವಿದ್ಯಾರ್ಥಿಗಳಲ್ಲಿ ಕಾನೂನು ಓದುತ್ತಿರುವ ಇಬ್ಬರು ಎರಡನ್ನೂ ಬರೆದುಕೊಡಲು ಒಪ್ಪಿದ್ದಾರೆ. ಗಾಡಿಯವರು ಹತ್ತು ಮಂದಿಯಾದರೂ ಸಹಿ ಹಾಕಿದರೆ ಪಾಲಿಕೆಗೆ ಮನವಿಯೂ ಜೊತೆಗೇ ಹೋಗುತ್ತದೆ. ಎಷ್ಟು ವರ್ಷದಿಂದ ಅಲ್ಲಿದ್ದೀರಿ ಎಂಬುದಕ್ಕೆ ಹಳೆಯ ಫೋಟೊ, ದಂಡ ಕಟ್ಟಿದ ರಶೀದಿ, ಪಾಲಿಕೆಯ ಯಾವುದೇ ಚೀಟಿ ಇದ್ದರೆ ಬಿಸಾಡಬೇಡಿ, ಮುಂದಿನ ಆದಿತ್ಯವಾರ ಅಸರ್ ನಮಾಝಿನ ನಂತರ ಬರುವಾಗ ಜೊತೆಗೆ ತನ್ನಿ.